ಐದು ದಿನ ಮುಂಬೈ ನೋಡಿ ಹೋದವರು ಊರಿನ ಕಟ್ಟಡಕ್ಕೆ ‘ಬೇಡ’ ಅನ್ನುವುದು ಯಾಕೆ?

ಡೊಂಬಿವಲಿ ಪೂರ್ವ (ಚರ್ಚೆ ಶುರುಮಾಡಿದವರು)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ವಿಷಯ ಮನಸ್ಸಲ್ಲಿ ಕೊರೀತಾ ಉಂಟು. ಬರೆಯುವಾಗ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಕುಂದಾಪುರ ಹತ್ತಿರದವರು. ಮೇ ತಿಂಗಳಲ್ಲಿ ಕುರ್ಲಾದಲ್ಲಿ ಮದುವೆ ಅಂತ ಮತ್ಸ್ಯಗಂಧ ರೈಲಿನಲ್ಲಿ ಬಂದು ಐದು ದಿನ ಇದ್ದರು. ಎರಡು ರಾತ್ರಿ ನಮ್ಮಲ್ಲಿ, ಉಳಿದದ್ದು ಥಾಣೆಯಲ್ಲಿ ಮಗನ ಮನೆಯಲ್ಲಿ. ಮಗ ಇರುವುದು 14ನೇ ಮಾಳಿಗೆಯಲ್ಲಿ. ಚಿಕ್ಕಪ್ಪ ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು, ಎದುರಿನ ಗುಡ್ಡ ನೋಡಿಕೊಂಡು, “ಗಾಳಿ ನಮ್ಮೂರಿನ ಹಾಗೇ ಉಂಟಲ್ಲ ಮಾರಾಯ” ಅಂದದ್ದನ್ನು ನಾನೇ ಕೇಳಿದ್ದೇನೆ.

ಮೂರನೇ ದಿನ ಸಂಜೆ ಆರೂವರೆಗೆ ದಾದರ್ ಸ್ಟೇಷನ್ನಿನ ಸೇತುವೆಯಲ್ಲಿ ಸಿಕ್ಕಿಬಿದ್ದರು. ಸೆಂಟ್ರಲ್‌ನಿಂದ ವೆಸ್ಟರ್ನ್‌ಗೆ ದಾಟುವವರು, ಅಲ್ಲಿಂದ ಇಲ್ಲಿಗೆ ಬರುವವರು, ಮಧ್ಯೆ 66 ವರ್ಷದ ಮನುಷ್ಯ. ಒಂದು ಕಾಲಿನ ಚಪ್ಪಲಿ ಹೋಯಿತು. ನಾನು ಕೈ ಹಿಡಿದುಕೊಂಡಿದ್ದೆ, ಆ ಕೈ ನಡುಗುತ್ತಿತ್ತು. ಕರೆದುಕೊಂಡು ಹೋದ ಹೊತ್ತು ತಪ್ಪಾಯಿತು ಅಂತ ನನಗೆ ಇವತ್ತಿಗೂ ಬೇಸರ.

ಅವರು ಊರಿಗೆ ಹೋದ ಮೇಲೆ ಗ್ರಾಮಸಭೆ ಆಯಿತು. ಬಸ್ ಸ್ಟ್ಯಾಂಡ್ ಪಕ್ಕದ ಹಳೇ ಅಕ್ಕಿ ಮಿಲ್ಲಿನ ಜಾಗದಲ್ಲಿ ಕೆಳಗೆ ಅಂಗಡಿ, ಮೇಲೆ ನಾಲ್ಕು ಮಾಳಿಗೆ ಮನೆ ಕಟ್ಟುವ ಮಾತು. ಚಿಕ್ಕಪ್ಪ ಎದ್ದು ನಿಂತು ಹೇಳಿದರಂತೆ: “ನಾನು ಮುಂಬೈ ನೋಡಿ ಬಂದವ. ಇವತ್ತು ನಾಲ್ಕು ಮಾಳಿಗೆಗೆ ಹೂಂ ಅಂದರೆ ನಾಳೆ ನಮ್ಮ ಪೇಟೆ ದಾದರ್ ಆಗ್ತದೆ.” ಎಲ್ಲರೂ ಚಪ್ಪಾಳೆ ಹೊಡೆದರಂತೆ. ಆ ಅರ್ಜಿ ಈಗ ಹಾಗೇ ನಿಂತಿದೆ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಹೇಳಿದ್ದೇ ಬೇರೆ. “ಸೊಸೆ ಲಿಫ್ಟ್ ಇಳಿದರೆ ಕೆಳಗೇ ಡಾಕ್ಟ್ರು, ತರಕಾರಿ, ಹಿಟ್ಟಿನ ಗಿರಣಿ. ನಾನಿಲ್ಲಿ ಬಿಪಿ ಮಾತ್ರೆ ತರಲಿಕ್ಕೆ ಬಸ್ಸು ಕಾಯಬೇಕು. ಆಟೋದವ ಒಳರಸ್ತೆಗೆ ಬರುವುದಿಲ್ಲ.” ಗ್ರಾಮಸಭೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ನಾನು ಎಂತ ಹೇಳುವುದು, ಅವರು ಹೇಳಿ ಆಯ್ತಲ್ಲ” ಅಂದರು.

ಒಂದೇ ರೈಲು, ಒಂದೇ ಐದು ದಿನ, ಇಬ್ಬರು ನೋಡಿದ ಊರು ಬೇರೆ ಬೇರೆ. ನನ್ನ ಪ್ರಶ್ನೆ ಇಷ್ಟೆ: ನಿಮ್ಮ ಮನೆಗೆ ಊರಿನಿಂದ ಬಂದು ಹೋದವರು ಮುಂಬೈಯ ಯಾವ ಚಿತ್ರ ಕೊಂಡುಹೋದರು? ಅದು ಅಲ್ಲಿ ಪಂಚಾಯತ್, ಪುರಸಭೆಯ ಮಾತಿನಲ್ಲಿ, ಓಟಿನಲ್ಲಿ ಎಲ್ಲಾದರೂ ಕಾಣಿಸಿತಾ?


ಪರೇಲ್ ಚಾಳಿನವಳು

ನಿಮ್ಮ ಚಿಕ್ಕಮ್ಮ ಗ್ರಾಮಸಭೆಯಲ್ಲಿ ಸುಮ್ಮನಿದ್ದದ್ದು ಓದಿ ಸಂಕಟ ಆಯಿತು.

ಬಂದವರು ಯಾವ ಕೆಲಸಕ್ಕೆ ಬಂದರು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ನಾವು ಪರೇಲಿನವರು, ನಮ್ಮಲ್ಲಿಗೆ ಊರವರು ಬರುವುದು ಹೆಚ್ಚಾಗಿ ಆಸ್ಪತ್ರೆಗೆ. ರೋಗಿಯನ್ನು ಒಳಗೆ ಸೇರಿಸಿ, ಜೊತೆಗೆ ಬಂದವರು ಫುಟ್‌ಪಾತ್ ಮೇಲೆ ಚಾಪೆ ಹಾಸಿ ಮಲಗಿದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವರ ಪಾಲಿಗೆ ಮುಂಬೈ ಅಂದರೆ ಆ ಫುಟ್‌ಪಾತ್. ಅವರ ಹತ್ತಿರ ಹೋಗಿ ಮಹಡಿಯ ಮನೆ ಒಳ್ಳೆಯದು ಅಂತ ನಾನು ಯಾವ ಬಾಯಲ್ಲಿ ಹೇಳಲಿ?

ಇನ್ನೊಂದು ಕಡೆ ನನ್ನ ಮಾವನ ಮಗಳು. 19ರ ಹುಡುಗಿ, ಶಿರಸಿ ಕಡೆಯವಳು, ಪರೀಕ್ಷೆ ಬರೆಯಲು ಬಂದು ವಾರ ಇದ್ದಳು. ರಾತ್ರಿ ಹನ್ನೊಂದೂವರೆಗೆ ಲೇಡೀಸ್ ಡಬ್ಬಿಯಲ್ಲಿ ಬಂದು ಇಳಿದೆವು. ಹೂವಿನವಳು ಇನ್ನೂ ಕೂತಿದ್ದಳು, ವಡಾಪಾವಿನ ಗಾಡಿ ಇತ್ತು, ಕೆಲಸ ಮುಗಿಸಿದ ನರ್ಸುಗಳು ನಡೆದು ಹೋಗುತ್ತಿದ್ದರು. ಅವಳು ಹೇಳಿದಳು, “ಅಕ್ಕಾ, ಊರಲ್ಲಿ ಏಳು ಗಂಟೆ ಮೇಲೆ ನಾನು ಹೊರಗೆ ಹೋಗುವುದೇ ಇಲ್ಲ. ಇಲ್ಲಿ ಜನ ಇದ್ದಾರೆ ಅಂತಲೇ ಧೈರ್ಯ.” ಅವಳು ಅಲ್ಲಿ ಮೊದಲ ಓಟು ಹಾಕಿದ್ದು ಅದರ ಮರು ವರ್ಷ. ಯಾರಿಗೆ ಹಾಕಿದಳು ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಆದರೆ ಊರಿನ ಪೇಟೆ ಬೀದಿಗೆ ದೀಪ ಬೇಕು ಅಂತ ಗೆಳತಿಯರನ್ನು ಸೇರಿಸಿ ಮನವಿ ಕೊಟ್ಟಳು.

ವರಳಿಯ ಬಿಡಿಡಿ ಚಾಳುಗಳ (ಸಾಲು ಕೋಣೆಗಳ ಹಳೇ ವಠಾರಗಳ) ಬಗ್ಗೆಯೂ ಒಂದು ಮಾತು. 1920ರ ದಶಕದಲ್ಲಿ ಕಟ್ಟಿದ ಒಂದೊಂದು ಖೋಲಿ 160 ಚದರಡಿ. ಅವೇ ಜನ ಈಗ ಅದೇ ಜಾಗದಲ್ಲಿ ಗೋಪುರದ 500 ಚದರಡಿಯ ಮನೆಗೆ ಹೋಗುತ್ತಿದ್ದಾರೆ, 2025ರ ಆಗಸ್ಟ್‌ನಲ್ಲಿ ಮೊದಲ ಕೀಲಿಗಳು ಸಿಕ್ಕವು. ಕೆಳಗಿನಿಂದ ನೋಡಿದವರಿಗೆ ಇಕ್ಕಟ್ಟು ಹೆಚ್ಚಾಯಿತು ಅನ್ನಿಸುತ್ತದೆ. ಒಳಗಿದ್ದವರಿಗೆ ಮೊದಲ ಸಲ ಮನೆಯೊಳಗೇ ಸಂಡಾಸು.


ಸಿಂದಗಿ ಟು ಕಾಂದಿವಲಿ

ಅಕ್ಕಾರ ಕಡೀ ಮಾತು ಓದಿ ಕಣ್ಣಾಗ ನೀರ ಬಂತ್ರಿ.

ನಮ್ಮಪ್ಪ ಸಿಂದಗಿ ಕಡಿಂದ ಬಂದಾವ. ಮೂವತ್ತ ವರ್ಷ ಆತು. ಸೆಂಟ್ರಿಂಗ್ ಕೆಲಸ. ಕಾಂದಿವಲಿ, ಮಲಾಡ ಕಡೆ ಎತ್ತರದ ಬಿಲ್ಡಿಂಗ್ ಎಷ್ಟೋ ಅದಾವಲ್ಲ, ಅದ್ರಾಗ ಕೆಲವಕ್ಕ ಅವನ ಕೈ ಹತ್ತೇತಿ. ಬಿಲ್ಡಿಂಗ್ ಏಳೂತನಾ ಅಲ್ಲೇ ಪತ್ರಾಸ ಶೆಡ್ಡಿನಾಗ ನಾವು. ಮುಗದ ಮ್ಯಾಲ ಶೆಡ್ಡ ಕಿತ್ತ ಮತ್ತೊಂದ ಕಡೆ. ಇಪ್ಪತ್ತನೇ ಮಾಳಾದಿಂದ ಸಮುದ್ರ ಕಾಣತೈತಿ ಅಂತ ಅಪ್ಪಗ ಗೊತ್ತು, ಯಾಕಂದ್ರ ಆ ಸ್ಲ್ಯಾಬ್ ಅವನ ಹಾಕಿದ್ದು. ಅಲ್ಲಿ ಮಲಗಿದ ರಾತ್ರಿ ಒಂದೂ ಇಲ್ಲ.

ಆಮ್ಯಾಲ ಝೋಪಡಪಟ್ಟಿಯಾಗ ಹತ್ತ ಬೈ ಹತ್ತ ಖೋಲಿ ಹಿಡದ್ವಿ. ಏಳ ಮಂದಿ. ನಮ್ಮವ್ವ ನಸಿಕಿನ ನಾಕಕ್ಕ ಎದ್ದ ಸಂಡಾಸ ಪಾಳಿಗಿ ನಿಂದರತಿದ್ಲು. ನಾನು ದೊಡ್ಡಾವ ಆಗಿ ಇದನ್ನ ಬರೀವಾಗ ಈಗಲೂ ಸಿಟ್ಟ ಬರತೈತಿ.

ನಮ್ಮ ಮಂದಿ ಓಟ ಇನ್ನೂ ಊರಾಗ ಐತಿ. ಪ್ರತಿ ಎಲೆಕ್ಷನ್ನಿಗೂ ಬಸ್ ತುಂಬಿ ಹೊಕ್ಕಾರ. ಅಂದ್ರ ಮುಂಬೈಯಾಗ ಉಂಡ ಕಷ್ಟದ ಓಟ ಸಿಂದಗಿಯಾಗ ಬೀಳತೈತಿ. ಆದ್ರ ನಮ್ಮಪ್ಪ ಎಂದೂ “ಬಿಲ್ಡಿಂಗ್ ಬ್ಯಾಡ” ಅಂದಿಲ್ಲ. ಅವಾ ಕೇಳೂದು ಎರಡ: ನೀರ ಬರತೈತೇನು, ಗಟಾರ ಐತೇನು. ಊರಾಗ ಮನೀ ಮ್ಯಾಲ ಒಂದ ಮಾಳಿಗಿ ಏರಿಸ್ಯಾನ, ತಮ್ಮಗ ಅಂತ. ಐದ ದಿನ ನೋಡಿದವರಿಗಿ ಮಂದಿ ಕಾಣತಾರ್ರಿ, ಮೂವತ್ತ ವರ್ಷ ಇದ್ದವರಿಗಿ ನಳ ಕಾಣತೈತಿ.


ನಕ್ಷೆ ಕೆಲಸದವ, ಬೋರಿವಲಿ

ಸಿಂದಗಿಯವರೇ, ನಾನು 22 ವರ್ಷದಿಂದ ಕಟ್ಟಡದ ನಕ್ಷೆ ಬರೆಯುತ್ತಿದ್ದೇನೆ. ನಿಮ್ಮ ಕೊನೆಯ ಸಾಲು ನಮ್ಮ ಕ್ಷೇತ್ರದವರು ಕಲಿಯಬೇಕಾದ್ದು.

ಡೊಂಬಿವಲಿಯವರ ಚಿಕ್ಕಪ್ಪನ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಕೂಡಿಕೊಂಡಿವೆ. ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಸಾಂದ್ರತೆ. ಒಬ್ಬನಿಗೆ ಎಷ್ಟು ಚದರಡಿ ಸಿಗುತ್ತದೆ ಅನ್ನುವುದು ಇಕ್ಕಟ್ಟಿನ ಲೆಕ್ಕ. 2011ರ ಜನಗಣತಿಯಲ್ಲಿ ಮುಂಬೈ ಉಪನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಸುಮಾರು 21,000 ಜನ. ಪ್ಯಾರಿಸ್ ನಗರದ ಆಡಳಿತ ಗಡಿಯೊಳಗೆ 105 ಚದರ ಕಿಲೋಮೀಟರಿನಲ್ಲಿ 21 ಲಕ್ಷ ಜನ, ಅಂದರೆ ಸುಮಾರು 20,000. ಯುರೋಪ್ ಟೂರ್ ಮುಗಿಸಿ ಬಂದ ನನ್ನ ಗ್ರಾಹಕರು ಪ್ಯಾರಿಸ್ಸಿನ ಫೋಟೋ ತೋರಿಸಿ “ಎಷ್ಟು ವಿಶಾಲ ನೋಡಿ, ನಮಗೂ ಹೀಗೇ ಬೇಕು” ಅನ್ನುತ್ತಾರೆ. ಅಲ್ಲಿ ಬೀದಿಯುದ್ದಕ್ಕೂ ಆರೇಳು ಮಾಳಿಗೆಯ ಕಟ್ಟಡಗಳು ಗೋಡೆಗೆ ಗೋಡೆ ತಾಗಿಸಿ ನಿಂತಿವೆ. ಅವರೇ ತಮ್ಮ ಓಣಿಯಲ್ಲಿ ಏಳು ಮಾಳಿಗೆ ಬಂದರೆ ತಕರಾರು ಅರ್ಜಿ ಕೊಡುತ್ತಾರೆ.

ಮುಂಬೈಯಲ್ಲಿ 1964ರಲ್ಲಿ ಎಫ್‌ಎಸ್‌ಐ ಲೆಕ್ಕ ಬಂತು, ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ. 1991ರ ನಿಯಮದಲ್ಲಿ ದ್ವೀಪನಗರಕ್ಕೆ, ಅಂದರೆ ದಕ್ಷಿಣದ ಹಳೇ ಮುಂಬೈಗೆ, 1.33, ಉಪನಗರಕ್ಕೆ 1. ಜನ ಬರುತ್ತಲೇ ಇದ್ದರು, ಕಟ್ಟಡಗಳ ಒಳಜಾಗ ಅಷ್ಟು ಬೆಳೆಯಲಿಲ್ಲ. 1947ರ ಬಾಡಿಗೆ ಕಾಯ್ದೆಯಿಂದ ಹಳೇ ಬಾಡಿಗೆ ಅಲ್ಲೇ ನಿಂತಿತು, ಮಾಲೀಕರು ರಿಪೇರಿ ಬಿಟ್ಟರು. 2018ರ ಹೊಸ ನಿಯಮದಲ್ಲೂ ಮೂಲ ಅಂಕಿ ಹಾಗೇ ಇದೆ, ಅದರ ಮೇಲೆ ಪ್ರೀಮಿಯಂ (ಹೆಚ್ಚುವರಿ ಶುಲ್ಕ) ಕಟ್ಟಿ, ಟಿಡಿಆರ್ (ಬೇರೆ ಜಾಗದ ಕಟ್ಟುವ ಹಕ್ಕು) ಕೊಂಡು ರಸ್ತೆಯ ಅಗಲಕ್ಕೆ ತಕ್ಕಂತೆ ಏರಿಸಬಹುದು.

ನನಗೆ ಬಹಳ ಮುಖ್ಯ ಅನ್ನಿಸುವ ಸಂಗತಿ ಇದು. 2001ರಲ್ಲಿ ದ್ವೀಪನಗರದ ಜನಸಂಖ್ಯೆ 33.38 ಲಕ್ಷ, 2011ರಲ್ಲಿ 30.85 ಲಕ್ಷ. ಲೋವರ್ ಪರೇಲಿನ ಮಿಲ್ಲುಗಳ ಜಾಗದಲ್ಲಿ ಗೋಪುರಗಳು ಎದ್ದ ದಶಕದಲ್ಲೇ ಅಲ್ಲಿನ ಜನ ಕಡಿಮೆಯಾದರು. ಹೋದದ್ದೆಲ್ಲಿಗೆ? ಡೊಂಬಿವಲಿಗೆ, ವಿರಾರಿಗೆ, ಬದಲಾಪುರಕ್ಕೆ. ಕೆಲಸ ಮಾತ್ರ ಇಲ್ಲೇ ಉಳಿಯಿತು. ಆದ್ದರಿಂದ ಸಂಜೆ ಆರೂವರೆಗೆ ದಾದರ್ ಸೇತುವೆಯ ಮೇಲೆ ಇರುವವರು ಮಹಡಿ ಹೆಚ್ಚಾಗಿ ಬಂದವರಲ್ಲ, ಕೆಲಸದ ಹತ್ತಿರ ಕೈಗೆಟಕುವ ಮಹಡಿ ಸಿಗದೆ ದೂರ ಹೋದವರು. ನಿಮ್ಮ ಚಿಕ್ಕಪ್ಪ ಕಂಡ ಭಯ ನಿಜ. ಅದಕ್ಕೆ ಅವರು ಕೊಟ್ಟ ಕಾರಣ ತಿರುಗುಮುರುಗು.


ವಿರಾರ್ ಫಾಸ್ಟ್

ನಕ್ಷೆಯವರೇ, ಪ್ಯಾರಿಸ್ ಹೋಲಿಕೆ ಅಷ್ಟು ಸಲೀಸಲ್ಲ. ಉಪನಗರ ಜಿಲ್ಲೆಯ 446 ಚದರ ಕಿಲೋಮೀಟರಿನಲ್ಲಿ ಬೋರಿವಲಿಯ ನ್ಯಾಷನಲ್ ಪಾರ್ಕಿನ ಒಂದು ಭಾಗ, ಆರೇಯ ಕಾಡು, ಸಮುದ್ರದಂಚಿನ ಕಾಂದಳ ಕಾಡು, ಉಪ್ಪಿನ ಗದ್ದೆ ಎಲ್ಲಾ ಸೇರಿದೆ. ಅದನ್ನು ಕಳೆದರೆ ಜನ ವಾಸ ಇರುವ ನೆಲದಲ್ಲಿ ಸಾಂದ್ರತೆ ಪ್ಯಾರಿಸ್ಸಿಗಿಂತ ಎಷ್ಟೋ ಹೆಚ್ಚು. ಮತ್ತೆ ರೈಲಿನ ಒಳಗಿನ ಮಾತು. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವ ಸ್ಥಿತಿಗೆ ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಅಂತ ಹೆಸರಿಟ್ಟಿದ್ದಾರೆ. ಅದರಲ್ಲಿ ದಿನಾ ನಿಂತು ಹೋಗುವ ನನಗೆ, ಹೊಸಬರು ಹೆದರಿದರೆ ತಪ್ಪು ಅನ್ನಿಸುವುದಿಲ್ಲ.


ನಕ್ಷೆ ಕೆಲಸದವ, ಬೋರಿವಲಿ

ಒಪ್ಪಿದೆ. ಕಾಡು, ಕಾಂದಳ ಬಿಟ್ಟು ಲೆಕ್ಕ ಹಾಕಬೇಕಿತ್ತು. ಪ್ಯಾರಿಸ್ಸಿನ ಆರು ಮಾಳಿಗೆಗೆ ಅಗಲವಾದ ರಸ್ತೆ, ಒಳಚರಂಡಿ, ಹತ್ತಿರ ಹತ್ತಿರ ಮೆಟ್ರೋ ಇದೆ ಅನ್ನುವುದನ್ನೂ ಬಿಟ್ಟೆ.


ವಾಸ್ಕೋದಿಂದ

ಗೋವಾದಲ್ಲಿ ಹುಟ್ಟಿದ ಕನ್ನಡಿಗ ನಾನು. ನಮ್ಮ ಅಜ್ಜ ಬಂದರಿನ ಕೆಲಸಕ್ಕೆ ಬಂದು ಇಲ್ಲೇ ನಿಂತರು.

ಇಲ್ಲಿಯ ಗ್ರಾಮಸಭೆಗಳಲ್ಲಿ “ಗೋವಾ ಮುಂಬೈ ಆಗಬಾರದು” ಅನ್ನುವ ಮಾತು ನಾನು ಎಷ್ಟು ಸಲ ಕೇಳಿದ್ದೇನೋ. ಅದಕ್ಕೆ ಹಳೇ ಬೇರು ಇದೆ. ಒಂದು ಕಾಲಕ್ಕೆ ಗೋವಾದವರು ಹಡಗಿನ ಕೆಲಸ ಹುಡುಕಿಕೊಂಡು ಮುಂಬೈಗೆ ಹೋಗಿ ಧೋಬಿ ತಲಾವ್, ಮಝಗಾಂವ್ ಕಡೆಯ ‘ಕೂಡ್’ ಅನ್ನುವ ಸಾಮೂಹಿಕ ವಸತಿಗಳಲ್ಲಿ ಇರುತ್ತಿದ್ದರು. ಒಂದೊಂದು ಹಳ್ಳಿಗೆ ಒಂದೊಂದು ಕೂಡ್. ಸಾಲಾಗಿ ಪೆಟ್ಟಿಗೆ, ಪೆಟ್ಟಿಗೆಯ ಪಕ್ಕ ಮಲಗಲು ಒಂದಾಳಿನ ಜಾಗ. ಪಕ್ಕದ ಮನೆಯ ಹಿರಿಯರು ಅದನ್ನು ಹೇಳುವಾಗ ಮುಖದಲ್ಲಿ ಪ್ರೀತಿಯೂ ಇರುತ್ತದೆ, ಇನ್ನು ಸಾಕು ಅನ್ನುವ ಭಾವವೂ ಇರುತ್ತದೆ.

ಆದರೆ ಇಲ್ಲಿಯ ವಿರೋಧ ಪ್ರವಾಸದ ನೆನಪಿನಿಂದ ಮಾತ್ರ ಹುಟ್ಟಿದ್ದಲ್ಲ, ಇದನ್ನು ಒತ್ತಿ ಹೇಳುತ್ತೇನೆ. 2006ರ ಕೊನೆಗೆ ಗೋವಾ ಬಚಾವ್ ಅಭಿಯಾನ ಎದ್ದಾಗ ಜನ ಕೇಳಿದ್ದು ಗುಡ್ಡ, ಗದ್ದೆ, ನೀರಿನ ಪ್ರಶ್ನೆ. 2007ರಲ್ಲಿ ಸರ್ಕಾರ ‘ರೀಜನಲ್ ಪ್ಲಾನ್ 2011’ ಅನ್ನುವ ಭೂಬಳಕೆ ಯೋಜನೆಯನ್ನು ಕೈಬಿಟ್ಟಿತು. ಗುಡ್ಡ ಕಡಿದು, ಬಾವಿ ಬತ್ತಿಸಿ, ವರ್ಷಕ್ಕೆ ಎರಡು ವಾರ ದೀಪ ಹತ್ತುವ ವಿಲ್ಲಾಗಳನ್ನು ಸಾಲು ಹಚ್ಚಿದರೆ ಅದಕ್ಕೆ ಸಾಂದ್ರತೆ ಅನ್ನಬೇಕಾ? ಅಲ್ಲಿ ಜನರೇ ಇಲ್ಲ.

ನನಗೆ ನೋವಾಗುವುದು ಬೇರೆ ಕಡೆ. ‘ಮುಂಬೈ ಆಗಬಾರದು’ ಅನ್ನುವ ಮಾತು ಕೆಲವರ ಬಾಯಲ್ಲಿ ‘ಹೊರಗಿನವರು ಬರಬಾರದು’ ಅಂತ ಆಗುತ್ತದೆ. ಆಗ ವಾಸ್ಕೋದ ಬಾಯ್ನಾದಲ್ಲಿ ಖೋಲಿಯಲ್ಲಿರುವ ನಮ್ಮವರ ಕಡೆ ಎಲ್ಲರ ಕಣ್ಣು ತಿರುಗುತ್ತದೆ. ಮಾಳಿಗೆ ಎಷ್ಟಿರಬೇಕು ಅಂತ ಶುರುವಾದ ಮಾತು, ಮನುಷ್ಯರು ಯಾರಿರಬೇಕು ಅಂತ ಮುಗಿಯುತ್ತದೆ.


ಪುಣೆ ಹಿಂಜವಡಿ

ನನ್ನದೊಂದು ಅನುಮಾನ. ಪ್ರವಾಸ ಮನಸ್ಸು ಬದಲಿಸುತ್ತದೋ, ಮನಸ್ಸು ಇದ್ದವರೇ ಪ್ರವಾಸ ಹೋಗುತ್ತಾರೋ? ಹಲಸಿನ ಹಣ್ಣಿನ ವಾಸನೆ ಆಗದವನು ಹಲಸಿನ ಮೇಳಕ್ಕೆ ಹೋಗುವುದಿಲ್ಲ. ಊರಿನ ಪೇಟೆಯಲ್ಲಿ ಫ್ಲ್ಯಾಟ್ ಬರಲಿ ಅನ್ನುವವರು ಹೆಚ್ಚಾಗಿ ಮಕ್ಕಳನ್ನು ಬೆಂಗಳೂರು, ಮುಂಬೈಗೆ ಕಳಿಸಿದವರು. ಅವರಿಗೆ ಮೊದಲೇ ಒಲವು ಇರಬಹುದು.

ಮತ್ತೆ, ನಮ್ಮಲ್ಲಿ ಬೂತಿನೊಳಗೆ ಯಾರೂ ಸಾಂದ್ರತೆ ನೋಡಿ ಬಟನ್ ಒತ್ತುವುದಿಲ್ಲ. ಪಕ್ಷ, ಅಭ್ಯರ್ಥಿ, ಜಾತಿ, ರೇಷನ್ನು ಇಷ್ಟೇ. ನೇರವಾಗಿ ಇದಕ್ಕೇ ಓಟು ಹಾಕಿದ ಕಡೆ ನೋಡಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೋ ನೋಡಿ. ಅಲ್ಲಿ 1970ರ ಹೊತ್ತಿಗೆ ‘ನಮ್ಮೂರು ಮ್ಯಾನ್‌ಹಟನ್ ಆಗಬಾರದು’ ಅನ್ನುವ ಕೂಗು ಎದ್ದಿತ್ತು, ನಮ್ಮ ‘ಮುಂಬೈ ಆಗಬಾರದು’ ಇದ್ದ ಹಾಗೇ. 1971ರಲ್ಲಿ ಕಟ್ಟಡಗಳಿಗೆ 72 ಅಡಿ ಮಿತಿ ಹಾಕುವ ಪ್ರಸ್ತಾವ ಮತಕ್ಕೆ ಬಂದು ಸೋತಿತು. 1986ರಲ್ಲಿ ವರ್ಷಕ್ಕೆ ಇಷ್ಟೇ ಕಚೇರಿ ಜಾಗ ಅನ್ನುವ ಮಿತಿ ಗೆದ್ದಿತು. ಅದೇ ಕ್ಯಾಲಿಫೋರ್ನಿಯಾ 2025ರ ಅಕ್ಟೋಬರ್‌ನಲ್ಲಿ ರೈಲು, ಮೆಟ್ರೋ ನಿಲ್ದಾಣಗಳ ಸುತ್ತ ಎತ್ತರದ ವಸತಿ ಕಟ್ಟಡಕ್ಕೆ ದಾರಿ ಬಿಡುವ ಎಸ್‌ಬಿ 79 ಕಾನೂನು ಮಾಡಿತು. ಬಾಡಿಗೆಯ ಬಿಸಿ ತಟ್ಟಿದ ಮೇಲೆ ಅಲ್ಲಿಯ ಮಾತು ತಿರುಗಿತು ಅಂತ ನನ್ನ ಎಣಿಕೆ. ಟೂರ್ ಹೋಗಿ ಬಂದದ್ದರಿಂದ ಅಲ್ಲ.


ಮಾಟುಂಗದ ಹಳಬ

ಪುಣೆಯವರೇ, ಮುಂಬೈಯಲ್ಲೂ ನೇರವಾಗಿ ಓಟು ಹಾಕುತ್ತೇವೆ. ಪಾಲಿಕೆಯ 227 ವಾರ್ಡುಗಳಲ್ಲಿ ಅಲ್ಲ, ಸೊಸೈಟಿಯ (ಒಂದು ಕಟ್ಟಡದ ಮನೆಯವರ ಸಂಘದ) ಜನರಲ್ ಬಾಡಿಯಲ್ಲಿ.

ನಾನು ಬಂದದ್ದು 1968ರಲ್ಲಿ, ಕಾರ್ಕಳ ಕಡೆಯಿಂದ, ಹದಿಮೂರು ವರ್ಷ. ಮುಂಬೈಯ ಕೋಟೆ (ಫೋರ್ಟ್) ಭಾಗದ ಹೋಟೆಲಿನಲ್ಲಿ ಕ್ಲೀನರ್. ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಗಿರಾಕಿಗಳು ಹೋದ ಮೇಲೆ ಎರಡು ಮೇಜು ಜೋಡಿಸಿದರೆ ಅದೇ ಹಾಸಿಗೆ. ಆ ಕಾಲದಲ್ಲಿ ಊರಿಗೆ ಪತ್ರ ಬರೆಯುವಾಗ ಎಲ್ಲಿ ಮಲಗುತ್ತೇನೆ ಅಂತ ಯಾರೂ ಬರೆಯುತ್ತಿರಲಿಲ್ಲ. ತಾಯಿಗೆ ದುಃಖ ಆಗಬಾರದು ಅಂತ. ಊರವರಿಗೆ ಮುಂಬೈ ತಿಳಿದದ್ದು ಹಾಗೆ, ನಾವು ಬಿಟ್ಟು ಬರೆದ ಪತ್ರಗಳಿಂದ.

ನಮ್ಮ ಸೊಸೈಟಿ ಮೂರು ಮಾಳಿಗೆ, 27 ಮನೆ. ರೀಡೆವಲಪ್‌ಮೆಂಟ್ ಮಾತು ಬಂತು, ಹಳೇದನ್ನು ಕೆಡವಿ 19 ಮಾಳಿಗೆ. 2019ರಿಂದ ಸದಸ್ಯರಲ್ಲಿ ಶೇ 51 ಜನ ಒಪ್ಪಿದರೆ ಸಾಕು. ಮೊದಲ ಸಭೆಯಲ್ಲಿ ಒಪ್ಪಿದವರು ಹನ್ನೊಂದೇ ಜನ. ನಾನೂ ಬೇಡ ಅಂದವ. ಅಂಗಳದಲ್ಲಿ ಪಾರಿಜಾತ ಇದೆ, ಎದುರು ಮನೆಯವರ ಕುಕ್ಕರ್ ಕೂಗಿದ್ದು ಕೇಳುತ್ತದೆ, ಅದು ಹೋಗಿಬಿಡುತ್ತದೆ ಅಂತ ಮನಸ್ಸು ಹಿಂಜರಿಯಿತು.

ಆಮೇಲೆ ನಾವು ಎಂಟು ಜನ ಹಿರಿಯರು ಒಂದು ಕೆಲಸ ಮಾಡಿದೆವು. ಬಿಲ್ಡರ್ ತೋರಿಸಿದ ಕಟ್ಟಡ ಬಿಟ್ಟು ನಾವೇ ಆರಿಸಿದ ಮೂರು ಕಡೆ ಹೋದೆವು, ಚೆಂಬೂರು, ಮುಲುಂಡ್, ಸಾಯನ್. ಎಲ್ಲವೂ ಕಟ್ಟಿ ಐದು ವರ್ಷ ದಾಟಿದ್ದು. ಹಗಲು ಮೂರು ಗಂಟೆಗೆ ಹೋದೆವು, ಮನೆಯಲ್ಲಿ ಹೆಂಗಸರು ಇರುವ ಹೊತ್ತು. ಗೋಡೆಯ ಬಣ್ಣ ನೋಡಲಿಲ್ಲ, ಪ್ರಶ್ನೆ ಕೇಳಿದೆವು. ನೀರು ಎಷ್ಟು ಗಂಟೆ? ಮೇಂಟೆನೆನ್ಸ್ ಎಷ್ಟಿತ್ತು, ಎಷ್ಟಾಯಿತು? ಲಿಫ್ಟ್ ಕೆಟ್ಟರೆ ಎಷ್ಟು ದಿನ? ಹೆಣ ಇಳಿಸಲು ಸ್ಟ್ರೆಚರ್ ಲಿಫ್ಟ್ ಇದೆಯಾ? ಒಂದು ಕಡೆ ಮೇಂಟೆನೆನ್ಸ್ ಮೂರು ಪಟ್ಟಾಗಿ ನಿವೃತ್ತರಿಬ್ಬರು ಮನೆ ಮಾರಿ ಹೋಗಿದ್ದರು. ಇನ್ನೊಂದು ಕಡೆ ಹಳೇ ನೆರೆಹೊರೆಯವರಿಗೆ ಒಂದರ ಮೇಲೊಂದು ಮಾಳಿಗೆಯಲ್ಲೇ ಮನೆ ಕೊಡಿಸಿಕೊಂಡಿದ್ದರು, ಸಂಜೆ ಎಲ್ಲರೂ ಕೆಳಗೆ ಒಟ್ಟಿಗೆ ಕೂರುತ್ತಿದ್ದರು.

ಎರಡನೇ ಸಭೆಯಲ್ಲಿ ಒಪ್ಪಿದವರು 20. ಎಂಟರಲ್ಲಿ ಆರು ಜನ ಮನಸ್ಸು ಬದಲಿಸಿದರು, ಇಬ್ಬರು ಬದಲಿಸಲಿಲ್ಲ. ಮೇಂಟೆನೆನ್ಸಿಗೆ ಹೆದರಿದ ಆ ಇಬ್ಬರ ಮಾತಿನಿಂದಲೇ ಕರಾರಿಗೆ ಕಾರ್ಪಸ್ ಫಂಡಿನ (ಮೇಂಟೆನೆನ್ಸಿಗೆಂದು ಬಿಲ್ಡರ್ ಕೊಡುವ ಇಡಿಗಂಟಿನ) ಅಂಕಿ ಸೇರಿತು. ಆದ್ದರಿಂದ ನೋಡಿ ಬಂದರೆ ಮನಸ್ಸು ತಿರುಗುತ್ತದೆ ಅಂತ ನಾನು ನಂಬುತ್ತೇನೆ, ಆದರೆ ಆ ಕಡೆಗೂ ಈ ಕಡೆಗೂ.


ಡೊಂಬಿವಲಿ ಪೂರ್ವ

ಎಲ್ಲರಿಗೂ ಕೈಮುಗಿದೆ. ಮಾಟುಂಗದ ಹಿರಿಯರು ಬರೆದದ್ದನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಹತ್ತು ನಿಮಿಷ ಏನೂ ಮಾತಾಡದೆ ಕೇಳಿದರು. ರಾತ್ರಿಶಾಲೆ, ಮೇಜಿನ ಹಾಸಿಗೆ ಬಂದಾಗ “ನಮ್ಮ ಅಣ್ಣನೂ ಹಾಗೇ ಇದ್ದವ” ಅಂದರು. ಅವರ ಅಣ್ಣ ಅಂದರೆ ನನ್ನ ಅಪ್ಪ. ನನಗೆ ಅದು ಗೊತ್ತೇ ಇರಲಿಲ್ಲ.

ನಾಲ್ಕು ಮಾಳಿಗೆಯ ವಿಷಯದಲ್ಲಿ ಅವರು ಇನ್ನೂ ಹೌದು ಅಂದಿಲ್ಲ. ನಾನು ಒತ್ತಾಯ ಮಾಡಲಿಲ್ಲ. ಸಿಂದಗಿಯವರ ಎರಡು ಪ್ರಶ್ನೆ ಮಾತ್ರ ಕೊಟ್ಟೆ: ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ. ಅಕ್ಕಿ ಮಿಲ್ಲಿನ ಹಿಂದೆ ತೋಡು ಉಂಟು, ಅದು ಗದ್ದೆಗೆ ಹೋಗ್ತದೆ, ಹಾಗಾಗಿ ಎರಡನೇ ಪ್ರಶ್ನೆ ಸಣ್ಣದಲ್ಲ ಅಂದರು. ಮುಂದಿನ ಸಭೆಯಲ್ಲಿ ಅದನ್ನೇ ಕೇಳುತ್ತಾರಂತೆ.

ಆಮೇಲೆ ಚಿಕ್ಕಮ್ಮ ಫೋನ್ ತಗೊಂಡರು. ಕೆಳಗಿನ ಅಂಗಡಿಗಳಲ್ಲಿ ಒಂದು ಮೆಡಿಕಲ್ ಶಾಪಿಗೆ ಅಂತ ಬರೆಸಬಹುದಾ, ಕರೆಂಟ್ ಹೋದರೆ ಲಿಫ್ಟಿಗೆ ಜನರೇಟರ್ ಇರ್ತದಾ ಅಂತ ಕೇಳಿದರು. ಆ ಎರಡನ್ನು ಸಭೆಯಲ್ಲಿ ನೀವೇ ಕೇಳಿ ಚಿಕ್ಕಮ್ಮ ಅಂದೆ. “ಕಾಗದದಲ್ಲಿ ಬರೆದು ಕಳಿಸು, ಓದ್ತೇನೆ” ಅಂದರು. ಇವತ್ತು ಬರೆದು ಕಳಿಸಿದೆ.